ಪ ಹೇಳಲಾಗದ ಚಳಿಗಾಲ

ನವೆಂಬರ್ 19, ಮಂಗಳವಾರ

ದಿನಾ ಬರೆದಿಡಿ ಎಂದಿದ್ದಾರೆ ಡಾಕ್ಟರು. ಕನ್ನಡಿ ಮುಂದೆ ಕೂತು ಹುಬ್ಬು ಎತ್ತುವುದು ಹತ್ತು ಸಲ, ಕಣ್ಣು ಮುಚ್ಚುವುದು ಹತ್ತು ಸಲ, ಕೆನ್ನೆ ಉಬ್ಬಿಸುವುದು ಹತ್ತು ಸಲ. ಬೆಳಿಗ್ಗೆ ಮಾಡಿದೆ. ಎಡಗಡೆ ಏನೂ ಅಲ್ಲಾಡಲಿಲ್ಲ.

ಶುಕ್ರವಾರ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿತು. ಕನ್ನಡಿ ನೋಡಿದರೆ ಬಾಯಿ ಬಲಕ್ಕೆ ಎಳೆದುಕೊಂಡಿದೆ, ಎಡಗಣ್ಣಿನ ರೆಪ್ಪೆ ಮುಚ್ಚುತ್ತಿಲ್ಲ. ಇವರು, ನಮ್ಮ ಯಜಮಾನರು, ಹಾಲಿನ ಸೊಸೈಟಿಗೂ ಹೋಗದೆ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಓಡಿದರು. ಮೆದುಳಿನದೇನೂ ಅಲ್ಲ, ಮುಖದ ನರ ಬಾತಿದೆ ಅಂತೆ. ಮೂರು ವಾರವಾಗಬಹುದು, ಮೂರು ತಿಂಗಳಾಗಬಹುದು, ಇನ್ನೂ ಹೆಚ್ಚೂ ಆಗಬಹುದು. ಹದಿನಾರು ವರ್ಷದಿಂದ ಔಷಧಿ ಅಂಗಡಿಯಲ್ಲಿ ನಿಂತು ಜನಕ್ಕೆ "ಊಟ ಆದ್ಮೇಲೆ ಎರಡು" ಎಂದು ಹೇಳಿಕೊಂಡು ಬಂದವಳು, ಈಗ ಊಟವಾದ ಮೇಲೆ ನಾನೇ ಎರಡು ನುಂಗುತ್ತಿದ್ದೇನೆ.

ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿದೆ. ಕ್ಲಾರಿನೆಟ್ ಊದಬಹುದಾ? ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಈಗಲೇ ಬೇಡಮ್ಮ" ಎಂದರು.

ನವೆಂಬರ್ 21, ಗುರುವಾರ

ಹುಬ್ಬು ಇಲ್ಲ. ಕಣ್ಣು ಇಲ್ಲ. ಕೆನ್ನೆ ಇಲ್ಲ.

ಅಂಗಡಿಗೆ ಮಾಸ್ಕ್ ಹಾಕಿಕೊಂಡು ಹೋದೆ. ಔಷಧಿ ಅಂಗಡಿಯಲ್ಲಿ ಮಾಸ್ಕ್ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ, ಅದೊಂದು ಪುಣ್ಯ. ಆದರೂ ಒಬ್ಬ ಹೆಂಗಸು ಬಗ್ಗಿ ಕಣ್ಣು ನೋಡಿ, "ಲಕ್ವ ಹೊಡೀತಂತೆ? ಅಲ್ಲೊಬ್ರು ಸೊಪ್ಪು ಕೊಡ್ತಾರೆ, ಹೋಗಿ ಬರ್ರಿ" ಎಂದಳು. ಅವಳಿಗೆ ಚಿಲ್ಲರೆ ಕೊಟ್ಟು ಒಳಗೆ ಹೋಗಿ ನಿಂತೆ.

ನವೆಂಬರ್ 24, ಭಾನುವಾರ

ಭಾನುವಾರ ಹತ್ತು ಗಂಟೆಗೆ ಬ್ಯಾಂಡ್. ಎರಡು ವರ್ಷದಲ್ಲಿ ತಪ್ಪಿಸಿದವಳಲ್ಲ, ಹೋದ ವಾರವೂ ಈ ವಾರವೂ ಮನೆಯಲ್ಲಿದ್ದೇನೆ.

ಹಾಸ್ಟೆಲ್ ಶಾಲೆಯ ಬ್ಯಾಂಡಿನಲ್ಲಿ ಕಲಿತ ಕ್ಲಾರಿನೆಟ್ಟು ಮದುವೆಯಾದ ಮೇಲೆ ಬೀರುವಿನ ಮೇಲೇ ಇತ್ತು. ಎರಡು ವರ್ಷದ ಹಿಂದೆ ಈರಬಸಪ್ಪಣ್ಣ, ಲೈನ್‌ಮನ್ ಕೆಲಸದಿಂದ ರಿಟೈರಾದವರು, ಟ್ರಂಪೆಟ್ ಬಗಲಲ್ಲಿ ಇಟ್ಟುಕೊಂಡು ಬೀದಿ ಬೀದಿ ತಿರುಗಿ "ನಿಮ್ಮ ಮನ್ಯಾಗೆ ಯಾರಿಗಾದ್ರೂ ಏನಾದ್ರೂ ಊದಾಕೆ, ಬಡಿಯಾಕೆ ಬರುತ್ತೇನ್ರಿ?" ಎಂದು ಕೇಳಿ ತಾವೂ ಸೇರಿ ಹದಿನೈದು ಜನರ ತಂಡ ಮಾಡಿದರು. ಕಂಬಳಿ ಸೊಸೈಟಿಯ ಗೋದಾಮು ನಮ್ಮ ಜಾಗ. ಯಾರೂ ಸಂಗೀತಗಾರರಲ್ಲ. ಆದರೆ ಹದಿನೈದು ಜನ ಒಟ್ಟಿಗೆ ಶುರು ಮಾಡಿದಾಗ ಎದೆಯಲ್ಲಿ ಏನೋ ತೆರೆದುಕೊಳ್ಳುತ್ತದೆ. ಆರು ದಿನ ಕೆಮ್ಮು, ಜ್ವರ, ಸಕ್ಕರೆ ಕಾಯಿಲೆ ಕೇಳಿಸಿಕೊಂಡವಳಿಗೆ ಏಳನೇ ದಿನ ಅದು ಬೇಕಿತ್ತು.

ಮುಖ್ಯ ರಾಗ ನನ್ನದು. ನಾನು ಎತ್ತಿದರೆ ಉಳಿದವರು ಹಿಂದೆ ಬರುತ್ತಾರೆ. ಫೆಬ್ರವರಿಯಲ್ಲಿ ಚಿತ್ರದುರ್ಗದ ಮೇಳದಲ್ಲಿ ಹಿರಿಯೂರು, ಹೊಸದುರ್ಗದ ತಂಡಗಳ ಜೊತೆ ನಾವೂ ನುಡಿಸಬೇಕು. ನಮಗೆ ಮೊದಲ ವೇದಿಕೆ.

ಮನೆಯವರೆಲ್ಲ ಹೊರಗೆ ಹೋದಾಗ ಕ್ಲಾರಿನೆಟ್ಟಿನ ಪೆಟ್ಟಿಗೆ ತೆಗೆದೆ. ತುಟಿಗಿಟ್ಟು ಊದಿದರೆ ಗಾಳಿಯೆಲ್ಲ ಎಡಗಡೆಯಿಂದ ಹೊರಗೆ. ಒಂದು ಸ್ವರವೂ ಇಲ್ಲ. ಗಲ್ಲದ ಮೇಲೆ ಎಂಜಲು ಇಳಿಯಿತು. ಒರೆಸಿಕೊಂಡು ಪೆಟ್ಟಿಗೆ ಮುಚ್ಚಿದೆ.

ಈರಬಸಪ್ಪಣ್ಣನಿಗೆ ಫೋನ್ ಮಾಡಿ ಮೇಳಕ್ಕೆ ಬರುವುದಿಲ್ಲ ಎಂದು ಕಾಗದ ಬರೆದುಬಿಡಿ ಎಂದೆ. "ನೋಡಾಣ ತಡೀರಿ ರೋಜಮ್ಮ" ಎಂದರು. ಇನ್ನೇನು ನೋಡುವುದಿದೆ?

ನವೆಂಬರ್ 29, ಶುಕ್ರವಾರ

ಶಿವರಾಜ್ ಅಂಗಡಿಗೆ ಬಂದಿದ್ದರು. ಬಸ್ ಸ್ಟ್ಯಾಂಡಿನ ಎದುರಿಗೆ ಬೇಕರಿ ಇಟ್ಟಿರುವವರು. ಬ್ಯಾಂಡಿನಲ್ಲಿ ನನ್ನ ಪಕ್ಕ ಕೂತು ಎರಡನೇ ಕ್ಲಾರಿನೆಟ್ ಊದುತ್ತಾರೆ. ಎರಡು ವರ್ಷದಿಂದ ನನಗಿಂತ ಅರ್ಧ ಸ್ವರ ಹಿಂದೆ. ಊದುವುದಕ್ಕಿಂತ ಮಾತು ಜಾಸ್ತಿ.

ಒಂದು ಪೊಟ್ಟಣ ಬೆಣ್ಣೆ ಬಿಸ್ಕತ್ತು ಕೌಂಟರಿನ ಮೇಲಿಟ್ಟು, "ರೋಜಕ್ಕ, ನಿಮ್ ಭಾಗ ನಂಗೆ ಹೇಳ್ಕೊಡ್ರಿ. ಇಲ್ಲಾಂದ್ರೆ ಬ್ಯಾಂಡ್ ಮಲಗುತ್ತೆ" ಎಂದರು.

"ನಿಮ್ ಕೈಲಾಗಲ್ಲ" ಎಂದೆ. ಹಾಗೆ ಅನ್ನಬಾರದಿತ್ತು. ಆದರೆ ನಿಜ.

"ಆಗಲ್ಲ ಅಂತ ಗೊತ್ತು ಕಣ್ರೀ, ಅದುಕ್ಕೇ ಹೇಳ್ಕೊಡ್ರಿ ಅಂದಿದ್ದು."

ನನ್ನ ಜಾಗದ ಮೇಲೆ ಕಣ್ಣು. ನಾನು ಬಿದ್ದ ಎರಡೇ ವಾರಕ್ಕೆ ಬಂದಿದ್ದಾರೆ. ಬಿಸ್ಕತ್ತು ತಿಂದೆ. ನಾಲಿಗೆಯ ಎಡಗಡೆಗೆ ರುಚಿಯೇ ಇಲ್ಲ.

ಡಿಸೆಂಬರ್ 1, ಭಾನುವಾರ

ಹೋದೆ. ಕೇಳಿ ಬರಲು ಅಷ್ಟೇ. ಮಾಸ್ಕ್ ಹಾಕಿಕೊಂಡು ಮೂಲೆಯಲ್ಲಿ ಕಂಬಳಿ ಗಂಟಿನ ಮೇಲೆ ಕೂತೆ. ಎಡಗಿವಿಗೆ ಶಬ್ದ ಎರಡರಷ್ಟಾಗಿ ಕೇಳಿಸುತ್ತದೆ, ಇದೂ ಆ ನರದ್ದೇ ಕೆಲಸವಂತೆ. ಹುಚ್ಚಕ್ಕ ದೊಡ್ಡ ಡ್ರಮ್ಮಿಗೆ ಹಾಕಿದ ಒಂದೊಂದು ಏಟೂ ತಲೆಗೇ ಬಿದ್ದಂತಾಯಿತು. ಹುಚ್ಚಕ್ಕ ತಾಳ್ಯ ಹಳ್ಳಿಯವಳು. ಭಾನುವಾರ ಕುರಿಗಳನ್ನು ಮಗನಿಗೆ ಒಪ್ಪಿಸಿ ಬಸ್ ಹತ್ತಿ ಬರುತ್ತಾಳೆ. ಅವಳ ಕೈಗೆ ದಣಿವೆಂಬುದಿಲ್ಲ.

ಮೋಹನ ರಾಗದ ತುಂಡು ನುಡಿಸಿದರು. ನನ್ನ ಭಾಗ ಶಿವರಾಜ್ ಹಿಡಿದರು. ಎರಡನೇ ಸಾಲಿನಲ್ಲಿ ಗ ಆದ ಮೇಲೆ ಪ ಎಂದು ಜಿಗಿಯಬೇಕು, ಅವರು ರಿ ಸ್ವರಕ್ಕೆ ಜಾರುತ್ತಾರೆ. ಒಂದು ಸಲ ಸಹಿಸಿದೆ. ಎರಡು ಸಲ ಸಹಿಸಿದೆ. ಮೂರನೇ ಸಲ ಎದ್ದು ನಿಂತು, ಗ ಆದ ಮೇಲೆ ಪ ಎಂದೆ.

ಬಾಯಿಂದ ಪ ಬರಲಿಲ್ಲ. ತುಟಿ ಎರಡೂ ಕೂಡಿದರೆ ತಾನೇ ಪ? ಫೂ ಎಂದು ಗಾಳಿ ಹೋಯಿತು.

"ಏನಂದ್ರಿ?" ಎಂದರು ಶಿವರಾಜ್.

ಮತ್ತೆ ಹೇಳಿದೆ. ಮತ್ತೆ ಫೂ. ಇಡೀ ಗೋದಾಮು ನನ್ನನ್ನೇ ನೋಡುತ್ತಿದೆ. ಓಡಿ ಹೋಗಬೇಕು ಎನ್ನಿಸಿತು. ಆದರೆ ತಪ್ಪು ಸ್ವರ ಕಿವಿಯಲ್ಲಿ ಕೂತಿದ್ದರೆ ನನಗೆ ಊಟ ಸೇರುವುದಿಲ್ಲ. ಕೈ ಎತ್ತಿ ತೋರಿಸಿದೆ. ಎದೆಯ ಹತ್ತಿರ ಗ. ಹಣೆಯ ಹತ್ತಿರ ಪ. ಕೈಯನ್ನು ಸರ್ರನೆ ಮೇಲಕ್ಕೊಯ್ದೆ.

ಶಿವರಾಜ್ ಊದಿದರು. ಸರಿಯಾಗಿ ಬಿತ್ತು.

ಹುಬ್ಬು ಇಲ್ಲ. ಕಣ್ಣು ಇಲ್ಲ. ಕೆನ್ನೆ ಇಲ್ಲ.

ಡಿಸೆಂಬರ್ 10, ಮಂಗಳವಾರ

ಮಧ್ಯಾಹ್ನ ಎರಡರಿಂದ ಮೂರರವರೆಗೆ ಬೇಕರಿಯಲ್ಲಿ ಗಿರಾಕಿ ಇರುವುದಿಲ್ಲ. ಒಲೆಯ ಹಿಂದಿನ ಕೋಣೆಯಲ್ಲಿ ಹೋದ ವಾರದಿಂದ ಶಿವರಾಜ್‌ಗೆ ನನ್ನ ಭಾಗದ ಪಾಠ. ನಾನು ಬಾಯಿ ಬಿಡುವುದಿಲ್ಲ, ಕೈಯಲ್ಲೇ ಎಲ್ಲ. ಕೈ ಉದ್ದಕ್ಕೆ ಎಳೆದರೆ ಸ್ವರ ಎಳೆಯಬೇಕು, ಮುಷ್ಟಿ ಕಟ್ಟಿದರೆ ನಿಲ್ಲಿಸಬೇಕು, ಬೆರಳು ನಡುಗಿಸಿದರೆ ಗಮಕ. ಮೂರು ದಿನಕ್ಕೆ ಅವರು ಈ ಸನ್ನೆಗಳನ್ನೆಲ್ಲ ಕಲಿತರು. ಬೆಳಿಗ್ಗೆ ಒಲೆ ಕಾಯುವವರೆಗೂ ಊದುತ್ತಾರಂತೆ, ತುಟಿಯ ಒಳಗೆ ಹುಣ್ಣಾಗಿದೆ. ಮುಲಾಮು ಕೊಟ್ಟೆ.

ಇವತ್ತು ಕೇಳಿಯೇಬಿಟ್ಟೆ. "ಎರಡು ವರ್ಷ ಯಾಕೆ ಹಿಂಗೆ ಕಲೀಲಿಲ್ಲ ನೀವು?"

"ನೀವು ಇದ್ರಲ್ಲ ರೋಜಕ್ಕ. ಪಕ್ಕದಾಗೆ ಕುಂತ್ಕಂಡ್ರೆ ನಂದೂ ಚೆನ್ನಾಗೈತೆ ಅನ್ಸೋದು. ಈಗ ಪಕ್ಕ ಖಾಲಿ ಐತೆ, ನಂದು ಎಷ್ಟು ಕೆಟ್ಟದಾಗೈತೆ ಅಂತ ಈಗ ಕೇಳಿಸ್ತು."

"ಎರಡನೇ ಸಾಲು ಇನ್ನೊಂದು ಸಲ" ಎಂದು ಕೈ ಎತ್ತಿದೆ.

ಡಿಸೆಂಬರ್ 29, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮೇಳಕ್ಕೆ ಮೂರು ತುಂಡುಗಳು. ಮೊದಲನೆಯದು ನಡಿಗೆಯ ತಾಳದ್ದು, ಎರಡನೆಯದು ಮೋಹನ, ಮೂರನೆಯದು ಈರಬಸಪ್ಪಣ್ಣ ತಾವೇ ಕಟ್ಟಿದ್ದು. ಕುರಿ ಮಂದೆ ಗುಡ್ಡ ಇಳಿದು ಬಂದಂತೆ ನಿಧಾನವಾಗಿ ಶುರುವಾಗಿ ಮೂರು ಸಲ ವೇಗ ಏರಬೇಕು. ವೇಗ ಏರಿಸಲು ಈರಬಸಪ್ಪಣ್ಣ ಟ್ರಂಪೆಟ್ ಊದುತ್ತಲೇ ತಲೆ ಅಲ್ಲಾಡಿಸುತ್ತಾರೆ. ಅವರ ಪಾಡಿಗೆ ಅವರು ತಲೆ ಅಲ್ಲಾಡಿಸಿದರು, ಅರ್ಧ ಜನ ಏರಿದರು, ಅರ್ಧ ಜನ ಏರಲಿಲ್ಲ, ಎಲ್ಲ ಕಲಸಿಹೋಯಿತು. ಐದು ಸಲ ಹೀಗೇ ಆಯಿತು. ಈರಬಸಪ್ಪಣ್ಣ ಟ್ರಂಪೆಟ್ ತೊಡೆಯ ಮೇಲಿಟ್ಟು, "ರೋಜಮ್ಮ ಹೇಳಿದ್ದೇ ಖರೆ. ಕಾಗ್ದ ಬರೆದುಬಿಡಾಣ" ಎಂದರು. ಮುಖ ಚಿಕ್ಕದಾಗಿತ್ತು. ಅವರನ್ನು ಹಾಗೆ ನೋಡಿರಲಿಲ್ಲ.

ಆಗ ಹುಚ್ಚಕ್ಕ ಬಾಯಿ ತೆಗೆದಳು. "ಕಾಗ್ದ ಯಾಕ್ರಿ? ನಾನು ಒಂದ್ಸಲಾನೂ ತಪ್ಪಿಲ್ಲ, ನೋಡಿದ್ರಾ? ಯಾಕೆ ಗೊತ್ತೈತಾ? ನಾನು ನಿಮ್ಮ ತಲೆ ನೋಡದೇ ಇಲ್ಲ. ಈಯಮ್ಮ ಮೂಲ್ಯಾಗೆ ಕುಂತ್ಕಂಡು ತನ್ನ ಪಾಡಿಗೆ ಕೈ ಆಡಿಸ್ತಾಳಲ್ಲ, ಅದನ್ನ ನೋಡ್ಕಂಡು ಬಡೀತೀನಿ. ಅವಳನ್ನ ಮುಂದಕ್ಕೆ ನಿಲ್ಲಿಸ್ರಿ."

ನಾನು ಕೈ ಆಡಿಸುತ್ತಿದ್ದೆನೇ? ನನಗೇ ಗೊತ್ತಿಲ್ಲ.

ಬೇಡವೆಂದೆ. ಎಲ್ಲರೂ ಹಿಡಿದು ಎಳೆದರು. ಮುಂದೆ ನಿಂತೆ. ಶುರು ಮಾಡಿದೆವು, ಎರಡನೇ ವೇಗಕ್ಕೆ ಮತ್ತೆ ಕಲಸಿತು.

"ಲೇ ರೋಜಾ, ಆ ಬಟ್ಟೆ ತೆಗಿ" ಎಂದಳು ಹುಚ್ಚಕ್ಕ. "ಕೈ ಒಂದು ಹೇಳುತ್ತೆ, ಮುಖ ಕಾಣಾದಿಲ್ಲ. ಬಡೀಬೇಕಾ ಬ್ಯಾಡ್ವಾ ಅಂತ ಹೆಂಗೆ ಗೊತ್ತಾಗಬೇಕು?"

"ನನ್ನ ಮುಖ ನೋಡೋ ಹಂಗಿಲ್ಲ ಹುಚ್ಚಕ್ಕ" ಎಂದೆ.

"ನಿನ್ನ ಮುಖ ನೋಡಿ ನಾವೇನು ಹೆಣ್ಣು ಕೇಳಾಕೆ ಬಂದೀವಾ? ತೆಗಿಯೇ."

ಯಾರೋ ನಕ್ಕರು. ನನಗೂ ನಗು ಬಂತು, ಅರ್ಧ ಮುಖದಲ್ಲಿ. ಮಾಸ್ಕ್ ತೆಗೆದು ಜೇಬಿಗೆ ತುರುಕಿದೆ, ನೆಲ ನೋಡಿದೆ, ಆಮೇಲೆ ತಲೆ ಎತ್ತಿದೆ. ಹದಿನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ಆದರೆ ಅಂಗಡಿಗೆ ಬರುವವರು ನೋಡಿದ ಹಾಗಲ್ಲ. ಬಸ್ ಬರುತ್ತದೆಯೇ ಎಂದು ರಸ್ತೆಯ ತಿರುವು ನೋಡುವ ಹಾಗೆ. ಅವರಿಗೆ ಬೇಕಿದ್ದದ್ದು ಯಾವಾಗ ಶುರು ಮಾಡಬೇಕು ಎಂಬುದಷ್ಟೇ.

ಕೈ ಎತ್ತಿದೆ. ಮೊದಲ ವೇಗ. ಎರಡನೇ ವೇಗ. ಮೂರನೇ ವೇಗ. ಕೊನೆಯ ಏಟು ಎಲ್ಲರದೂ ಒಟ್ಟಿಗೆ ಬಿತ್ತು.

ಈರಬಸಪ್ಪಣ್ಣ ಎದ್ದು ಬಂದು ನನ್ನ ಕೈ ಹಿಡಿದುಕೊಂಡು, "ಇನ್ನೊಂದ್ಸಲ ರೋಜಮ್ಮ, ಇನ್ನೊಂದೇ ಒಂದ್ಸಲ" ಎಂದು ಚಿಕ್ಕ ಮಕ್ಕಳಂತೆ ಕೇಳಿದರು. ನಾಲ್ಕು ಸಲ ನುಡಿಸಿದೆವು.

ಜನವರಿ 5, ಭಾನುವಾರ

ಮುಂದೆ ನಿಂತರೆ ಕೇಳಿಸುವುದೇ ಬೇರೆ. ಎರಡು ವರ್ಷ ನಾನು ನನ್ನ ಕ್ಲಾರಿನೆಟ್ ಬಿಟ್ಟು ಬೇರೇನೂ ಕೇಳಿಯೇ ಇರಲಿಲ್ಲ ಎಂದು ಕಾಣುತ್ತದೆ. ಸ್ಯಾಕ್ಸೋಫೋನಿನವರು ಮೂರನೇ ಸಾಲಿನಲ್ಲಿ ಒಂದು ಸಣ್ಣ ತಿರುವು ಹಾಕುತ್ತಾರೆ, ಎಷ್ಟು ಚೆನ್ನಾಗಿದೆ. ಪಾಪ, ಇಷ್ಟು ದಿನ ಅದರ ಮೇಲೆ ನಾನು ಊದಿಬಿಡುತ್ತಿದ್ದೆ. ಇವತ್ತು ಅಲ್ಲಿ ಎಲ್ಲರಿಗೂ ಸದ್ದು ಇಳಿಸಿ ಎಂದು ಕೈ ತೋರಿಸಿದೆ. ಅವರ ಮುಖ ನೋಡಬೇಕಿತ್ತು.

ಶಿವರಾಜ್ ತಮ್ಮ ಶುರುವಿಗೆ ನನ್ನ ಬಲಗಡೆ ಹುಬ್ಬು ನೋಡುತ್ತಾರಂತೆ. "ಅದು ಎದ್ರೆ ನಾನು ಹೊರಟೆ" ಎಂದರು. ಸರಿ, ಅದೊಂದಾದರೂ ಏಳುತ್ತದಲ್ಲ.

ಜನವರಿ 19, ಭಾನುವಾರ

ಮೋಹನದ ಮಧ್ಯೆ ಶಿವರಾಜ್ ಊದುವುದನ್ನು ನಿಲ್ಲಿಸಿಬಿಟ್ಟರು. ನನಗೆ ಸಿಟ್ಟು ಬಂತು. "ಏನಾಯ್ತು?"

"ಯಾವ ಹುಬ್ಬು ನೋಡ್ಬೇಕ್ರಿ ಈಗ? ಎಡಗಡೇದೂ ಏಳ್ತಾ ಐತೆ!"

ಎಲ್ಲರೂ ವಾದ್ಯ ಕೆಳಗಿಟ್ಟು ಹೋ ಎಂದರು. ಹುಚ್ಚಕ್ಕ ಡ್ರಮ್ ಬಡಿದಳು. ಗದ್ದಲ ನಿಲ್ಲಲು ಹತ್ತು ನಿಮಿಷ ಬೇಕಾಯಿತು. ಮೊದಲೇ ಸಮಯ ಕಡಿಮೆ, ಮೂರನೇ ತುಂಡಿನ ಕೊನೆ ಇನ್ನೂ ಒರಟಾಗಿದೆ. ಯೂಫೋನಿಯಂ ಎಂಬ ದೊಡ್ಡ ಹಿತ್ತಾಳೆ ಕಹಳೆ ಊದುವವರು ಅರ್ಧ ಮಾತ್ರೆ ತಡ. ಮುಂದಿನ ವಾರ ಅವರನ್ನು ಮುಂದಿನ ಸಾಲಿಗೆ ಕರೆಯಬೇಕು.

ಫೆಬ್ರವರಿ 2, ಭಾನುವಾರ

ಡಾಕ್ಟರು ಊದಬಹುದು ಎಂದಿದ್ದಾರೆ. ಪೆಟ್ಟಿಗೆ ತಗೊಂಡು ಹೋಗಿದ್ದೆ. ಗೋದಾಮಿನ ಹೊರಗೆ ನಿಂತು ಊದಿದೆ. ಸ್ವರ ಬಂತು. ಎಡಗಡೆ ಸ್ವಲ್ಪ ಸೋರುತ್ತದೆ, ಆದರೆ ಬಂತು. ಮೋಹನದ ಎರಡು ಸಾಲು ಪೂರ್ತಿ ಊದಿದೆ. ಕಣ್ಣಲ್ಲಿ ನೀರು.

ತಿರುಗಿ ನೋಡಿದರೆ ಬಾಗಿಲಲ್ಲಿ ಈರಬಸಪ್ಪಣ್ಣ. ಅವರ ಹಿಂದೆ ಶಿವರಾಜ್.

"ನಿಮ್ಮ ಜಾಗ ನಿಮಗೇ ರೋಜಮ್ಮ. ಇನ್ನೂ ಒಂದು ವಾರ ಐತೆ" ಎಂದರು ಈರಬಸಪ್ಪಣ್ಣ.

ಶಿವರಾಜ್ ಆಗಲೇ ತಮ್ಮ ಕುರ್ಚಿಯನ್ನು ಎರಡನೆಯವರ ಜಾಗಕ್ಕೆ ಸರಿಸುತ್ತಿದ್ದರು. "ನಾನು ನಿಮ್ ಹಿಂದೆ ಬರ್ತೀನಿ, ಮುಂಚಿನಂಗೆ" ಎಂದರು. ನಗುತ್ತಲೇ ಹೇಳಿದರು. ಆದರೆ ಕ್ಲಾರಿನೆಟ್ಟನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಿದ್ದರು.

ನಾನು ಪೆಟ್ಟಿಗೆ ಮುಚ್ಚಿದೆ. ಒಂದು ವಾರ ಇರುವಾಗ ಎಲ್ಲ ಬದಲಿಸಿದರೆ ಗೊಂದಲ. ವೇಗ ಏರುವ ಜಾಗಗಳಲ್ಲಿ ಯಾರನ್ನು ನೋಡುತ್ತಾರೆ? ಸುಮ್ಮನೆ ತೊಂದರೆ. ಹಾಗೇ ಹೇಳಿದೆ. ಹೇಳಿ, ಶಿವರಾಜ್ ಅವರ ಕುರ್ಚಿಯನ್ನು ಎಳೆದು ಮೊದಲಿದ್ದ ಕಡೆಯೇ ಇಟ್ಟೆ. "ಕುಂತ್ಕಳ್ರಿ. ಮೊದಲನೇ ತುಂಡು" ಎಂದೆ.

ಫೆಬ್ರವರಿ 8, ಶನಿವಾರ

ಸೀರೆ ಇಸ್ತ್ರಿ ಆಯಿತು. ನಾಳೆಯ ಭಯಕ್ಕೆ ಮಡಚಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದೇನೆ. ಮಾತ್ರೆ ನುಂಗುವುದಿಲ್ಲ, ಇದಕ್ಕೆ ಮಾತ್ರೆ ಇಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಫೆಬ್ರವರಿ 9, ಭಾನುವಾರ

ಮನೆಗೆ ಬಂದು ಇನ್ನೂ ಸೀರೆಯನ್ನೂ ಬದಲಿಸಿಲ್ಲ.

ಚಿತ್ರದುರ್ಗದ ಸಭಾಂಗಣ ತುಂಬಿತ್ತು. ಹಿಂದೆ ನಿಂತವರೂ ಇದ್ದರು. ಹಿರಿಯೂರಿನವರು ಮೊದಲು ನುಡಿಸಿದರು, ಇಪ್ಪತ್ತು ಜನ, ಎಲ್ಲರಿಗೂ ನೀಲಿ ಕೋಟು. ಹೊಸದುರ್ಗದವರದು ಆಮೇಲೆ. ಅವರ ಮುಖ್ಯಸ್ಥ ಉಗ್ರಪ್ಪನವರು ಎತ್ತರದ ಆಳು, ಸ್ಯಾಕ್ಸೋಫೋನ್ ಎತ್ತಿ ಊದಿದರೆ ಸಭಾಂಗಣವೇ ನಡುಗುತ್ತದೆ. ಪರದೆಯ ಪಕ್ಕ ನಿಂತು ಕೇಳುತ್ತಾ ನಮ್ಮವರೆಲ್ಲ ಕುಗ್ಗಿಹೋದರು. "ನಾವು ಕಂಬಳಿ ನಡುವೆ ಕುಂತು ಕಲಿತೋರು ಕಣ್ರಪ್ಪ" ಎಂದರು ಈರಬಸಪ್ಪಣ್ಣ, ಯಾರಿಗೂ ಅಲ್ಲ ಎಂಬಂತೆ.

ನಮ್ಮ ಸರದಿ. ಎಲ್ಲರೂ ಕೂತರು. ನಾನು ಜನಕ್ಕೆ ಬೆನ್ನು ಮಾಡಿ ನಿಂತೆ. ಕೈ ಎತ್ತಿದಾಗ ನಮ್ಮವರ ಮುಖಗಳನ್ನು ನೋಡಿದೆ. ಹೆದರಿಕೊಂಡಿದ್ದರು. ಅವರನ್ನು ನೋಡಿ ನಕ್ಕೆ. ಅವರೂ ನಕ್ಕರು. ಶುರುವಾಯಿತು.

ಕಂಬಳಿಗಳ ನಡುವೆ ನಮ್ಮ ಸದ್ದು ನಮಗೇ ಪೂರ್ತಿ ಕೇಳಿರಲಿಲ್ಲ. ಇಲ್ಲಿ ಗೋಡೆಗಳು ಅದನ್ನು ತಿರುಗಿಸಿ ಕೊಟ್ಟವು. ಮೊದಲ ಸಾಲಿಗೇ ಹುಚ್ಚಕ್ಕನ ಕಣ್ಣು ಅಗಲವಾಯಿತು. ಇಷ್ಟು ದೊಡ್ಡದಾಗಿದ್ದೇವೆಯೇ ನಾವು?

ಮೋಹನದಲ್ಲಿ ಪೆಟ್ಟು ಬಿತ್ತು. ಗ ಆದ ಮೇಲೆ ಪ ಎಂದು ಜಿಗಿಯುವಲ್ಲಿ ಶಿವರಾಜ್ ಅವರ ಕ್ಲಾರಿನೆಟ್ ಕೀಚ್ ಎಂದು ಕಿರುಚಿತು. ಬಾಯಲ್ಲಿ ಇಡುವ ರೀಡ್ ಸೀಳಿತ್ತು. ಅವರ ಮುಖ ಬೂದಿಯಾಯಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ಕೈ ನಿಲ್ಲಿಸಲಿಲ್ಲ. ಎಡಗೈಯನ್ನು ಈರಬಸಪ್ಪಣ್ಣನ ಕಡೆ ಚಾಚಿ, ಅದೇ ಸಾಲು ಎಂದು ಗ ಸ್ವರದಿಂದ ಪ ಸ್ವರಕ್ಕೆ ಒಯ್ದೆ. ಟ್ರಂಪೆಟ್ ಅಲ್ಲಿಂದಲೇ ಎತ್ತಿಕೊಂಡಿತು. ಬಲಗೈಯಲ್ಲಿ ಶಿವರಾಜ್‌ಗೆ ಬದಲಿಸಿಕೊಳ್ಳಿ ಎಂದು ತೋರಿಸಿದೆ. ಅವರು ಜೇಬಿನಿಂದ ಇನ್ನೊಂದು ರೀಡ್ ತೆಗೆದು ಬಿಗಿಯುವವರೆಗೆ ಆ ಒಂದು ಸಾಲನ್ನೇ ಸುತ್ತಿದೆವು. ಟ್ರಂಪೆಟ್ಟಿನಿಂದ ಸ್ಯಾಕ್ಸೋಫೋನ್, ಅಲ್ಲಿಂದ ಯೂಫೋನಿಯಂ. ಒಮ್ಮೆಯೂ ಹೀಗೆ ಅಭ್ಯಾಸ ಮಾಡಿರಲಿಲ್ಲ. ಆ ಸಣ್ಣ ತಿರುವೂ ಬಂತು. ಜನ ಇದೇ ಸರಿ ಎಂದುಕೊಂಡು ಚಪ್ಪಾಳೆ ಹೊಡೆದರು! ಶಿವರಾಜ್ ತುಟಿಗಿಟ್ಟುಕೊಂಡು ನನ್ನನ್ನು ನೋಡಿದರು. ಹುಬ್ಬು ಎತ್ತಿದೆ. ಅವರು ಊದಿದ ಪ ಇದೆಯಲ್ಲ, ನನ್ನ ಜನ್ಮದಲ್ಲಿ ನಾನು ಅಂಥ ಪ ಊದಿಲ್ಲ. ಸುಳ್ಳಲ್ಲ, ಬರೆದಿಡುತ್ತಿದ್ದೇನೆ.

ಮೂರನೇ ತುಂಡು ಗುಡ್ಡ ಇಳಿದು ಬಂತು. ಮೂರನೇ ವೇಗಕ್ಕೆ ಜನ ತಾವೇ ತಾಳ ಹಾಕತೊಡಗಿದರು. ಕೊನೆಯ ಏಟು ಬಿದ್ದಾಗ ನಾನು ತಿರುಗಿ ನಿಂತು ಕೈ ಮುಗಿದೆ. ಎಲ್ಲರೂ ಎದ್ದು ನಿಂತಿದ್ದರು. ಇವರು ಮಧ್ಯದ ಸಾಲಿನಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತು ಶಿಳ್ಳೆ ಹಾಕುತ್ತಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ಇವರಿಗೆ ಶಿಳ್ಳೆ ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

"ಇನ್ನೊಂದು! ಇನ್ನೊಂದು!"

ಇನ್ನೊಂದು ನಮಗೆ ಬರುವುದಿಲ್ಲ. ಮೂರೇ ಬರುವುದು. ಈರಬಸಪ್ಪಣ್ಣ ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದರು. ಆಗ ಪರದೆಯ ಪಕ್ಕದಿಂದ ಉಗ್ರಪ್ಪನವರು ಸ್ಯಾಕ್ಸೋಫೋನ್ ಹಿಡಿದೇ ವೇದಿಕೆಗೆ ಬಂದರು.

"ಆ ಗುಡ್ಡದ್ದು ಇನ್ನೊಂದ್ಸಲ ಹಾಕ್ರಿ ಅಮ್ಮಾರೆ, ನಾವೂ ಬರ್ತೀವಿ. ರಾಗ ಹಿಡ್ಕಂಡೀನಿ ನಾನು."

ಅವರ ಹಿಂದೆ ಹೊಸದುರ್ಗದವರೆಲ್ಲ ಬಂದರು. ಅವರು ಬಂದದ್ದು ನೋಡಿ ನೀಲಿ ಕೋಟಿನವರೂ ನುಗ್ಗಿದರು. ಐವತ್ತಕ್ಕೂ ಹೆಚ್ಚು ಜನ. ಹಿಂದಿದ್ದವರಿಗೆ ನಾನು ಕಾಣುವುದಿಲ್ಲ ಎಂದು ಯಾರೋ ಮುಖ್ಯ ಅತಿಥಿಗಳ ಕುರ್ಚಿಯನ್ನೇ ಎತ್ತಿ ತಂದಿಟ್ಟರು. ಚಪ್ಪಲಿ ಬಿಟ್ಟು ಹತ್ತಿ ನಿಂತೆ.

"ಶುರು ನಿಧಾನ" ಎಂದು ಕೂಗಿ ಹೇಳಿದೆ. "ಮೂರು ಸಲ ಏರುತ್ತೆ. ನನ್ನ ಬಿಟ್ಟು ಯಾರನ್ನೂ ನೋಡಬೇಡ್ರಿ!"

ಮೊದಲ ಸಾಲು ನಮ್ಮವರದೇ. ಎರಡನೆಯದಕ್ಕೆ ಹೊಸದುರ್ಗದವರು ಮೆಲ್ಲನೆ ಸೇರಿದರು, ಮೂರನೆಯದಕ್ಕೆ ಹಿರಿಯೂರಿನವರ ಡ್ರಮ್ಮುಗಳು ಹುಚ್ಚಕ್ಕನ ಹಿಂದೆ ಬಿದ್ದವು. ಹುಚ್ಚಕ್ಕ ಅವರನ್ನು ತಿರುಗಿಯೂ ನೋಡದೆ ಕರೆದುಕೊಂಡು ಹೋದಳು. ತಪ್ಪು ಸ್ವರಗಳು ಬೇಕಾದಷ್ಟು ಬಿದ್ದವು. ಬಿದ್ದರೆ ಬೀಳಲಿ ಎನ್ನಿಸಿತು, ಇದೇ ಮೊದಲ ಸಲ. ವೇಗ ಏರಿಸಿದೆ, ಏರಿದರು. ಮತ್ತೆ ಏರಿಸಿದೆ, ಮತ್ತೆ ಏರಿದರು. ಕುರ್ಚಿ ಅಲ್ಲಾಡುತ್ತಿತ್ತು, ಈರಬಸಪ್ಪಣ್ಣ ಒಂದು ಕಾಲಿನಿಂದ ಅದನ್ನು ಒತ್ತಿ ಹಿಡಿದು ಊದುತ್ತಿದ್ದರು. ಕೊನೆಗೆ ಎರಡೂ ಕೈ ಮೇಲಕ್ಕೆತ್ತಿ ಹಿಡಿದೆ. ಐವತ್ತು ಜನರ ಉಸಿರು ನನ್ನ ಬೆರಳ ತುದಿಯಲ್ಲಿ ನಿಂತಿತ್ತು. ಇಳಿಸಿದೆ.

ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ.

ಫೆಬ್ರವರಿ 10, ಸೋಮವಾರ

ತೋಳು ಎರಡೂ ಮೇಲೇಳುತ್ತಿಲ್ಲ. ಮೇಲಿನ ಹಲಗೆಯ ಔಷಧಿ ಕೇಳಿದವರಿಗೆಲ್ಲ "ಒಳಗೆ ಬಂದು ನೀವೇ ತಗೊಳ್ರಿ" ಎಂದೆ. ಉಗ್ರಪ್ಪನವರು ಹನ್ನೊಂದಕ್ಕೆ ಫೋನ್ ಮಾಡಿದ್ದರು, ಶಿವರಾಜ್ ಹನ್ನೆರಡಕ್ಕೆ ಬಂದು ಮೂರರವರೆಗೂ ಮಾತಾಡಿದರು, ಬೇಕರಿಯ ನೆನಪೇ ಇರಲಿಲ್ಲ ಅವರಿಗೆ.

ಬ್ಯಾಂಡಿನ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿದ್ದಾರೆ. ಕುರ್ಚಿಯ ಮೇಲೆ ನಿಂತು ಬಾಯಿ ಪೂರ್ತಿ ತೆರೆದು ನಗುತ್ತಿದ್ದೇನೆ, ಸೀರೆಯ ನೆರಿಗೆ ಎಲ್ಲೋ ಹೋಗಿದೆ. ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಎಷ್ಟು ಚೆನ್ನಾಗಿ ಬಂದಿದೆ, ಐವತ್ತು ಜನರಲ್ಲಿ ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ.